ಬೆಳ್ಳಿ ಈಟಿ: ಕುಂಕುಮವಿಲ್ಲದ ಫ್ಲಾಪಿ

“ಚಪ್ಪಲಿ ಆಚೆ ಬಿಡಿ ತಿರುಮಲೇಶ್. ಧೂಳು ಅಂದ್ರೆ ಅದಕ್ಕೆ ಆಗೋಲ್ಲ.”

ಸತ್ಯಮೂರ್ತಿಯವರು ದನಿ ತಗ್ಗಿಸಿ ಹೇಳಿದ ರೀತಿ ನೋಡಿದರೆ ಒಳಗೆ ಯಾರೋ ಹಸುಗೂಸನ್ನು ಮಲಗಿಸಿದ್ದಾರೆ ಅನ್ನಬೇಕು. ತಿರುಮಲೇಶ ಚಪ್ಪಲಿ ಬಿಟ್ಟ. ಹಿಂದೆ ಬಂದ ಪಿ.ಟಿ. ಮೇಷ್ಟ್ರು ಬಸವಂತರಾಯರು ಗೊಣಗುತ್ತಲೇ ತಮ್ಮ ಕ್ಯಾನ್ವಾಸ್ ಶೂ ಕಳಚಿದರು. ಬಾಗಿಲು ತೆರೆದದ್ದೇ ತಡ, ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಚೆಂಬೂರು ಸ್ಟೇಷನ್ನಿನಿಂದ ಅಕ್ಟೋಬರ್ ಬಿಸಿಲಲ್ಲಿ ಬೆಂದು ಬಂದ ತಿರುಮಲೇಶನಿಗೆ ಅಲ್ಲೇ ಅರ್ಧ ಭಕ್ತಿ ಬಂದುಬಿಟ್ಟಿತು.

ಮೇಜಿನ ಮೇಲೆ ಅದು ಕೂತಿತ್ತು. ಕನ್ನಡ ಶಿಕ್ಷಣ ಮಂಡಳಿಯ ಕಂಪ್ಯೂಟರ್. ಕಪ್ಪು ಗಾಜಿನ ಮೇಲೆ ಹಸಿರು ಗೆರೆಯೊಂದು ಮಿಟುಕುತ್ತಿತ್ತು. ತಲೆಯ ಮೇಲೆ ಕಳೆದ ವಾರದ ಆಯುಧಪೂಜೆಯ ಚೆಂಡುಹೂವಿನ ಹಾರ ಒಣಗಿ ಮುದುಡಿತ್ತು. ಅದನ್ನು ತೆಗೆಯುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಆಂಟಾಪ್ ಹಿಲ್, ಕುರ್ಲಾ, ಚೆಂಬೂರು, ಮಂಡಳಿಯ ಮೂರೂ ಕನ್ನಡ ಶಾಲೆಗಳಿಗೆ ಸೇರಿ ಇದ್ದದ್ದು ಒಂದೇ ಒಂದು ಲೋಹದ ಈಟಿ. ಪರದೇಶದ ದಾನಿಯೊಬ್ಬರು ಕಳಿಸಿದ್ದು, ಹಿಡಿಕೆಗೆ ನೂಲಿನ ಹುರಿ ಸುತ್ತಿದ್ದು, ಬೆಳ್ಳಿಯ ಹಾಗೆ ಹೊಳೆಯುವಂಥದ್ದು. ಅದು ಮಾಯವಾಗಿತ್ತು. ಕುರ್ಲಾ ಶಾಲೆಯ ಒಂಬತ್ತನೇ ಕ್ಲಾಸಿನ ನಾಗವ್ವ ಒಯ್ದಿದ್ದಾಳೆ ಎಂದು ಕಂಪ್ಯೂಟರ್ ಹೇಳುತ್ತಿತ್ತು, ಒಯ್ದಿಲ್ಲ ಎಂದು ನಾಗವ್ವ ಅಳುತ್ತಿದ್ದಳು. ಶನಿವಾರದ ಪಂದ್ಯಕ್ಕೆ ಇವತ್ತು ಸಂಜೆಯೊಳಗೆ ಹೆಸರು ಹೋಗಬೇಕು. ಗೆದ್ದರೆ ಪುಣೆಯ ಕ್ರೀಡಾ ಹಾಸ್ಟೆಲ್ಲು, ಊಟ, ಓದು ಎಲ್ಲ ಅಲ್ಲೇ. ಹೆಸರು ಹೊಡೆದುಹಾಕಿ ಟಿ.ಸಿ. ಕೈಗಿತ್ತರೆ ಮಾರನೇ ದಿನದಿಂದ ಅವ್ವನ ಜೊತೆ ಕಟ್ಟಡದ ಕೆಲಸಕ್ಕೆ ಸಿಮೆಂಟಿನ ಬುಟ್ಟಿ ಹೊರುವುದು.

ತಿರುಮಲೇಶನನ್ನು ಕರೆತಂದವರು ಬಸವಂತರಾಯರು. ಆಂಟಾಪ್ ಹಿಲ್‌ನಲ್ಲಿ ಇಬ್ಬರೂ ಒಂದೇ ಬಿಲ್ಡಿಂಗಿನವರು. ಮಂಡಳಿಯ ಕಾರ್ಯದರ್ಶಿ ಸತ್ಯಮೂರ್ತಿಯವರಿಗೆ ಈ ಪತ್ತೇದಾರನ ಉಸಾಬರಿಯೇ ಬೇಕಿರಲಿಲ್ಲ.

“ಪತ್ತೆ ಮಾಡೋಕೆ ಏನಿದೆ ಹೇಳಿ? ಪತ್ತೆ ಆಗಿಹೋಗಿದೆ. ಇದು ಹೇಳಿಬಿಟ್ಟಿದೆ,” ಎಂದು ಅವರು ಯಂತ್ರದ ಕಡೆ ಕೈ ತೋರಿಸಿದರು. ಬೆರಳು ತೋರಿಸಲಿಲ್ಲ, ಇಡೀ ಅಂಗೈ ತೋರಿಸಿದರು. ದೊಡ್ಡವರನ್ನು ಪರಿಚಯಿಸುವಾಗ ತೋರಿಸುವಂತೆ.

“ನನಗೂ ಒಂದು ಸಲ ತೋರಿಸಿ ಸ್ವಾಮಿ. ಹುಟ್ಟಿದಾಗಿನಿಂದ ಇಂಥದ್ದು ನೋಡಿಲ್ಲ,” ಎಂದ ತಿರುಮಲೇಶ. ಸುಳ್ಳಲ್ಲ. ವಿಮೆ ಕಂಪನಿಯ ಪತ್ತೆ ಕೆಲಸದಲ್ಲಿ ಅವನು ಸುಟ್ಟ ಗೋದಾಮು, ಮುಳುಗಿದ ದೋಣಿ ಎಲ್ಲ ಕಂಡವನು. ಇದನ್ನು ಕಂಡಿರಲಿಲ್ಲ.

“ರಮಾನಾಥ, ತೋರ್ಸಪ್ಪಾ.”

ಕೀಲಿಮಣೆಯ ಮುಂದೆ ಕೂತಿದ್ದ ತೆಳ್ಳನೆಯ ಯುವಕ ತಲೆಯಾಡಿಸಿದ. ಮಂಗಳೂರಿನವನು, ಮಂಡಳಿಯಲ್ಲಿ ಈ ಯಂತ್ರದ ಭಾಷೆ ಬಲ್ಲವನು ಇವನೊಬ್ಬನೇ. “ಯಾರದ್ದು ನೋಡ್ಬೇಕು ಸಾರ್? ಮೂರು ಶಾಲೆಯ ಯಾವ ಮಗುವಿನದ್ದಾದ್ರೂ ಉಂಟು.”

“ವನಮಾಲಾ ಅಂತ. ಆಂಟಾಪ್ ಹಿಲ್, ಏಳನೇ ಕ್ಲಾಸು. ನನ್ನ ಮಗಳು.”

ಟಕಟಕ ಸದ್ದಾಯಿತು. ಯಂತ್ರ ಒಳಗೊಳಗೇ ಏನನ್ನೋ ಅಗಿಯಿತು. ಕಪ್ಪು ಗಾಜಿನ ಮೇಲೆ ಒಂದೊಂದಾಗಿ ಹಸಿರು ಸಾಲುಗಳು ಮೂಡತೊಡಗಿದವು: ಮಗಳ ಹೆಸರು, ಅವನ ಹೆಸರು, ಮನೆಯ ನಂಬರು, ಅವಳ ಎತ್ತರ, ತೂಕ, ಹೋದ ಪರೀಕ್ಷೆಯ ಅಂಕ. ತಿರುಮಲೇಶನ ಮೈ ಜುಮ್ಮೆಂದಿತು. ತನ್ನ ಮಗುವನ್ನು ಒಮ್ಮೆಯೂ ನೋಡದ ಈ ಪೆಟ್ಟಿಗೆಗೆ ಅವಳ ಎತ್ತರ ಗೊತ್ತು! ಕೊನೆಯಲ್ಲಿ ಇನ್ನೊಂದು ಸಾಲು ಬಂತು.

ರಮಾನಾಥ ಸಂಕೋಚದಿಂದ ಓದಿದ. “ಸ್ಕಿಪ್ಪಿಂಗ್ ಹಗ್ಗ, ಒಂದು. ವಾಪಸು ಬರ್ಲಿಲ್ಲ.”

ತಿರುಮಲೇಶನ ಕಿವಿ ಬಿಸಿಯಾಯಿತು. ಆ ಹಗ್ಗ ಎಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ಸುಮಿತ್ರಾ ಅದನ್ನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಕಟ್ಟಿದ್ದಳು. ಈ ಹೊತ್ತಿನಲ್ಲಿ ಅದರ ಮೇಲೆ ಅವನದೇ ಪಂಚೆ ಒಣಗುತ್ತಿತ್ತು.

ಬಸವಂತರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅರೆ, ಪತ್ತೇದಾರರ ಮನ್ಯಾಗ ಕಳ್ಳ ಮಾಲು! ನಡೀರಿ, ಮೊದಲ ನಿಮ್ಮನ್ನ ಒಳಗ ಹಾಕೋಣು.”

ಸತ್ಯಮೂರ್ತಿ ನಗಲಿಲ್ಲ. “ಅದಕ್ಕೆ ಎಲ್ಲಾ ಗೊತ್ತಾಗುತ್ತೆ ಕಣ್ರೀ,” ಎಂದರು. ದನಿ ಇನ್ನಷ್ಟು ಇಳಿದಿತ್ತು. “ನಾವು ಬಾಯಿಬಿಟ್ಟು ಹೇಳದೆ ಇದ್ದದ್ದೂ ಗೊತ್ತಾಗುತ್ತೆ.”

ಅವರ ಹಣೆಯಲ್ಲಿ ಆ ತಂಪಿನಲ್ಲೂ ಬೆವರಿತ್ತು. ಭಕ್ತಿ ಜಾಸ್ತಿಯಾದರೆ ಹಾಗಾಗುತ್ತದೆ ಎಂದುಕೊಂಡ ತಿರುಮಲೇಶ.

“ಈಗ ನಾಗವ್ವನದು,” ಎಂದ.

ಹಸಿರು ಸಾಲುಗಳು ಮತ್ತೆ ಮೂಡಿದವು. ನಾಗವ್ವ, ತಂದೆ ಅಣವೀರಪ್ಪ, ಕುರ್ಲಾ ಪೂರ್ವ. ಕೆಳಗೆ: ಈಟಿ, ಲೋಹದ್ದು, ಒಂದು. ಪಕ್ಕದಲ್ಲಿ ಕೊಟ್ಟ ತಾರೀಕು.

ತಾರೀಕು ನೋಡಿದ್ದೇ ಬಸವಂತರಾಯರು ಕುರ್ಚಿಯಿಂದ ಎದ್ದರು. “ಇದೆಂಥಾ ತಾರೀಕ್ರೀ? ಇದು ಆಯುಧಪೂಜಿ ದಿನ! ಆವತ್ತ ಯಾರರೆ ಸಾಮಾನು ಮುಟ್ಟತಾರೇನ್ರಿ?”

“ಯಾಕೆ, ಮುಟ್ಟಬಾರದೇ?” ತಿರುಮಲೇಶ ಬೇಕೆಂದೇ ಕೇಳಿದ.

“ಬಿಲ್ಕುಲ್ ಇಲ್ರಿ! ಮೂರೂ ಶಾಲಿ ಸಾಮಾನು ಟೆಂಪೋದಾಗ ಹಾಕ್ಕೊಂಡು ಬಂದು ಇಲ್ಲೇ ಕೆಳಗ ಹಾಲ್‌ನಾಗ ಸಾಲಾಗಿ ಜೋಡಿಸಿದ್ವಿ. ಗುಂಡು, ಡಿಸ್ಕಸ್ಸು, ಈಟಿ, ಹರ್ಡಲ್ಸು, ವಾಲಿಬಾಲ್ ನೆಟ್ಟು, ಎಲ್ಲಾಕ್ಕೂ ಪೂಜಿ. ಪೂಜಿ ಆದ ಮ್ಯಾಲೆ ದಸರಾ ಮುಂಜಾನಿ ತನಕ ಅವಕ್ಕ ವಿಶ್ರಾಂತಿ. ನಾನರೆ ಆವತ್ತ ಸೀಟಿ ಸೈತ ಊದಂಗಿಲ್ಲ.”

“ಈ ಯಂತ್ರಕ್ಕೂ ವಿಶ್ರಾಂತಿಯೇ?”

“ಇದಕ್ಕೂ ಮತ್ತ! ಸಾಹೇಬರು ತಾವ ನಿಂತು ಪೂಜಿ ಮಾಡ್ಯಾರ.”

ಹಾರ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಯಂತ್ರ ಅದೇ ದಿನ ಈಟಿ ಕೊಟ್ಟದ್ದನ್ನು ಬರೆದುಕೊಂಡದ್ದು ಹೇಗೆ? ತಿರುಮಲೇಶ ಕೋಣೆಯನ್ನೊಮ್ಮೆ ನಿಧಾನವಾಗಿ ನೋಡಿದ.

ಸತ್ಯಮೂರ್ತಿಯವರ ಪೂಜೆ ಅರೆಬರೆಯದಲ್ಲ. ಯಂತ್ರದ ಹಣೆಗೆ ಕುಂಕುಮ, ಕೀಲಿಮಣೆಗೆ ಕುಂಕುಮ, ಪ್ರಿಂಟರಿಗೆ, ತಂಪು ಗಾಳಿಯ ಪೆಟ್ಟಿಗೆಗೆ, ಫ್ಯಾನಿನ ಸ್ವಿಚ್ಚಿಗೆ, ರಮಾನಾಥನ ಕುರ್ಚಿಯ ಬೆನ್ನಿಗೆ, ಎಲ್ಲದಕ್ಕೂ ಗಟ್ಟಿ ಕೆಂಪು ಬೊಟ್ಟು. ವಾರವಾದರೂ ಹೊಳಪು ಮಾಸಿರಲಿಲ್ಲ.

“ಇದು ಒಣ ಕುಂಕುಮ ಅಲ್ಲವಲ್ಲ?”

“ಕೊಬ್ಬರಿ ಎಣ್ಣೇಲಿ ಕಲಸಿದ್ದು,” ಸತ್ಯಮೂರ್ತಿ ತುಸು ಹೆಮ್ಮೆಯಿಂದಲೇ ಹೇಳಿದರು. “ನಮ್ಮ ಮನೇಲಿ ಹಿಂದಿನಿಂದ ಹಾಗೇ. ಮರದ್ದಕ್ಕೆ ಅರಿಶಿನ, ಗಂಧ. ಕಬ್ಬಿಣ, ಲೋಹ, ಯಂತ್ರ ಅಂದ್ರೆ ಎಣ್ಣೆ ಕುಂಕುಮ. ಒಣಗಿದ್ದು ಉದುರಿಹೋಗುತ್ತೆ ನೋಡಿ. ಇದು ಉಜ್ಜಿದ್ರೂ ಹೋಗೋಲ್ಲ.”

ಮೇಜಿನ ತುದಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಪ್ಪು ಚೌಕಗಳು ನಿಂತಿದ್ದವು. ಮಂಡಳಿಯ ಮಕ್ಕಳೆಲ್ಲ ವಾಸವಾಗಿದ್ದ ಫ್ಲಾಪಿಗಳು. ಅವುಗಳ ತಲೆಯ ಮೇಲೂ ಒಂದೊಂದು ಬೊಟ್ಟು.

“ರಮಾನಾಥ, ಈಗ ಯಂತ್ರದ ಬಾಯಲ್ಲಿ ಇರೋದನ್ನ ಸ್ವಲ್ಪ ಹೊರಗೆ ತೆಗೀತೀಯಾ?”

ರಮಾನಾಥನ ಕೈ ಅಲ್ಲೇ ನಿಂತಿತು. “ಎಂಥಕ್ಕೆ ಸಾರ್? ಅದನ್ನು ಸುಮ್ಮನೆ ತೆಗೀಬಾರ್ದು.”

“ಸುಮ್ಮನೆ ಅಲ್ಲ. ನಾನು ನೋಡಬೇಕು.”

ಹುಡುಗ ಕಾರ್ಯದರ್ಶಿಗಳ ಮುಖ ನೋಡಿದ. ಅವರು ಹೂಂ ಎಂದರು. ಸಣ್ಣ ಚಿಲಕ ತಿರುಗಿ ಕಪ್ಪು ಚೌಕ ಹೊರಬಂತು. ತಿರುಮಲೇಶ ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. ಹಿಂದೆ ನೋಡಿದ, ಮುಂದೆ ನೋಡಿದ. ಹೊಚ್ಚ ಹೊಸದು, ಫಳಫಳ.

“ಸತ್ಯಮೂರ್ತಿಯವರೇ, ಪೂಜೆಯ ದಿನ ಯಂತ್ರದ ಬಾಯಲ್ಲಿರೋ ಮುಖ್ಯ ಫ್ಲಾಪಿಗೆ ಕುಂಕುಮ ಇಟ್ಟಿರೋ ಇಲ್ಲವೋ?”

“ಇಡದೆ ಇರ್ತೀನಾ! ಎಲ್ಲಕ್ಕಿಂತ ಮೊದಲು ಅದಕ್ಕೇ. ವೀಳ್ಯದೆಲೆ ಮೇಲೆ ಮಲಗಿಸಿ, ಮೂರು ಬೆರಳಲ್ಲಿ ಇಟ್ಟೆ. ಮಕ್ಕಳ ವಿದ್ಯೆಯೆಲ್ಲ ಅದರಲ್ಲಿದೆಯಲ್ಲ.”

“ಹಾಗಾದರೆ ನೋಡಿ. ಈ ಕೋಣೆಯಲ್ಲಿ ಫ್ಯಾನಿನ ಸ್ವಿಚ್ಚಿಗೂ ಕುಂಕುಮ ಇದೆ. ಇಲ್ಲದ್ದು ಇದೊಂದಕ್ಕೇ.”

ರಮಾನಾಥ ತನ್ನ ಚೀಲವನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದ.

“ಹಳೆಯದು ಎಲ್ಲಿದೆಯಪ್ಪಾ?” ತಿರುಮಲೇಶ ಮೆತ್ತಗೆ ಕೇಳಿದ. “ಬೈಯೋಕಲ್ಲ ಕೇಳ್ತಿರೋದು. ಒಂದು ಹುಡುಗಿಯ ಬದುಕು ಇದರ ಮೇಲೆ ನಿಂತಿದೆ.”

ರಮಾನಾಥ ಬಗ್ಗಿ ತನ್ನ ಚೀಲಕ್ಕೆ ಕೈ ಹಾಕಿದ. ಊಟದ ಡಬ್ಬಿಯ ಕೆಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟ. ಅದರ ನಡುವೆ ಒಳಗಿನ ನುಣುಪು ತಟ್ಟೆ ಕಾಣುವ ಕಿಂಡಿ. ಆ ಕಿಂಡಿಯ ಉದ್ದಕ್ಕೂ ಮೂರು ಬೆರಳ ಎಣ್ಣೆ ಕುಂಕುಮ, ಗಟ್ಟಿಯಾಗಿ, ಭಕ್ತಿಯಿಂದ ಬಳಿದದ್ದು.

“ಅಲ್ಲಿ ಕೈ ತಾಗಿಸ್ಲೇಬಾರ್ದು ಸಾರ್,” ರಮಾನಾಥನ ಕಣ್ಣು ತುಂಬಿತ್ತು. “ದೊಡ್ಡವರು ಕಣ್ಣು ಮುಚ್ಚಿ ಮಂತ್ರ ಹೇಳ್ತಾ ಇದ್ರು. ನಾನು ಹೇಗೆ ಬೇಡ ಹೇಳೂದು? ಮರುದಿನ ಬೆಳಿಗ್ಗೆ ಹಾಕಿ ನೋಡ್ತೇನೆ, ಒಂದು ಮಗುವೂ ಇಲ್ಲ ಮಾರಾಯ್ರೆ! ಎಲ್ಲಾ ಹೋಗಿತ್ತು. ನಾನು ಕೂತು ಅತ್ತುಬಿಟ್ಟೆ. ಪುಣ್ಯಕ್ಕೆ ಹಿಂದಿನ ಪ್ರತಿ ಒಂದು ಉಂಟು. ಹೊಸ ಫ್ಲಾಪಿಗೆ ಅದನ್ನು ಇಳಿಸಿದೆ. ಮಿಕ್ಕಿದ್ದನ್ನು ಕೆಳಗೆ ಹಾಲ್‌ಗೆ ಹೋಗಿ ಸಾಮಾನು ನೋಡಿ ನೋಡಿ ತುಂಬಿಸಿದೆ.”

“ತಾರೀಕು?”

“ಯಂತ್ರ ಶುರು ಮಾಡುವಾಗ ತಾರೀಕು ನಾವೇ ಟೈಪ್ ಹೊಡೀಬೇಕು ಸಾರ್. ಯಾರಿಗೂ ಗೊತ್ತಾಗ್ಬಾರ್ದು ಅಂತ ಹಿಂದಿನ ದಿನದ್ದೇ ಹೊಡೆದೆ.”

“ಮತ್ತೆ ಈಟಿ?”

“ಹಾಲ್‌ನಲ್ಲಿ ಬೆಳ್ಳಿ ಈಟಿ ಇರ್ಲಿಲ್ಲ. ಯಾರೋ ಮೇಷ್ಟ್ರು ಬೆಳಿಗ್ಗೇನೇ ಕೊಟ್ಟಿರ್ಬೇಕು ಅಂತ ಎಣಿಸಿದೆ. ಇಲ್ಲ ಅಂತ ಹೊಡೆದ್ರೆ ಯಾರ ಹತ್ರ ಉಂಟು ಅಂತ ಯಂತ್ರ ಕೇಳ್ತದೆ. ಹೆಸರು ಕೊಡದೆ ಮುಂದೆ ಬಿಡೂದೇ ಇಲ್ಲ.” ಅವನು ತಲೆ ತಗ್ಗಿಸಿದ. “ಜೂನಿನಲ್ಲಿ ಒಮ್ಮೆ ಆ ಹುಡುಗಿ ಎಸೆದದ್ದು ನೋಡಿದ್ದೆ ಸಾರ್. ಆಮೇಲೆ ಈಟಿ ಅಂದ್ರೆ ನನಗೆ ಬೇರೆ ಯಾರ ಹೆಸರೂ ನೆನಪಿಗೆ ಬರೂದಿಲ್ಲ. ಕೈ ತಾನಾಗಿ ಅವಳ ಹೆಸರು ಹೊಡೀತು. ಅವಳಿಗೆ ಹೀಗಾಗ್ತದೆ ಅಂತ ದೇವರಾಣೆ ಗೊತ್ತಿರ್ಲಿಲ್ಲ.”

ಬಸವಂತರಾಯರು ಅವನ ಬೆನ್ನಿಗೊಂದು ಗುದ್ದುವವರ ಹಾಗೆ ಕೈ ಎತ್ತಿದರು. ಅದೇ ಕೈಯನ್ನು ಅವನ ಭುಜದ ಮೇಲಿಟ್ಟರು. “ಎಂಥಾ ಮಬ್ಬ ಅದೀಯೋ ತಮ್ಮಾ,” ಎಂದರು, ಅಷ್ಟೇ.

ಸತ್ಯಮೂರ್ತಿ ಮಾತ್ರ ಆ ಕೆಂಪು ಬೆರಳಚ್ಚನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಒಂದು ವಿಚಿತ್ರ ಪ್ರಶ್ನೆ ಕೇಳಿದರು.

“ಹಾಗಾದ್ರೆ... ನಾಗವ್ವ ಅಂತ ಯಂತ್ರಕ್ಕೆ ತಾನಾಗಿ ಗೊತ್ತಾಗಲಿಲ್ವೇ? ನೀನೇ ಹೊಡೆದದ್ದೇ?”

“ನಾನೇ ಸಾರ್.”

ಅವರು ಕುರ್ಚಿ ಹುಡುಕಿ ಕೂತರು. ಉಸಿರು ಬಿಟ್ಟದ್ದು ನೋಡಿದರೆ ವಾರದಿಂದ ಕಟ್ಟಿಟ್ಟುಕೊಂಡ ಉಸಿರು ಅನ್ನಬೇಕು. ತನ್ನದೇ ಬೆರಳಿನಿಂದ ಇಷ್ಟೆಲ್ಲ ಆಯಿತಲ್ಲ ಎಂಬ ನಾಚಿಕೆ ಇರಬೇಕು ಪಾಪ, ಎಂದುಕೊಂಡ ತಿರುಮಲೇಶ.

“ಈಟಿ ಹೋಗಿರೋದು ಪೂಜೆ ಆದ ಮೇಲೆ, ಮಾರನೇ ದಿನ ರಮಾನಾಥ ಹಾಲ್‌ಗೆ ಹೋಗೋಕೆ ಮುಂಚೆ,” ಎಂದ. “ಹಾಲ್‌ನ ಬೀಗದ ಕೈ ಯಾರ ಹತ್ತಿರ ಇರುತ್ತೆ?”

“ಮೇಷ್ಟ್ರ ಹತ್ರ ಒಂದು, ನನ್ನ ಹತ್ರ ಒಂದು,” ಎಂದರು ಸತ್ಯಮೂರ್ತಿ.

“ಅದನ್ನ ಆಮೇಲೆ ನೋಡೋಣ. ಈಗ ಹುಡುಗಿಯ ಮಾತು. ಯಂತ್ರದಲ್ಲಿ ಅವಳ ಹೆಸರು ಬಂದದ್ದು ತಪ್ಪು. ಅವಳು ಈಟಿ ಮುಟ್ಟಿಲ್ಲ. ಅವಳಿಗೆ ನಾನು ಜವಾಬ್ದಾರಿ. ನನ್ನ ಮಾತು ಸುಳ್ಳಾದರೆ ಇನ್ನು ಮೇಲೆ ಪತ್ತೇದಾರಿ ಕೆಲಸಕ್ಕೆ ನಾನು ಕೈ ಹಾಕೋಲ್ಲ. ಹೆಸರು ಕಳಿಸ್ತೀರಾ?”

“ಕಳಿಸ್ತೀನಿ,” ಎಂದರು ಸತ್ಯಮೂರ್ತಿ, ತಕ್ಷಣ.

ಬಸವಂತರಾಯರಿಗೆ ಹಿಡಿಸಲಾರದಷ್ಟು ಸಂತೋಷ. “ಬರ್ರಿ, ಮೈದಾನಕ್ಕ ಹೋಗೂಣು! ಹುಡುಗಿ ಮುಂಜಾನಿಂದ ಅಲ್ಲೇ ಗೋಡೆಗೆ ಆನ್ಕೊಂಡು ಕುಂತದ. ಆಕಿ ಎಸಿಯೂದು ನೋಡ್ರಿ ಒಮ್ಮೆ, ಜಲ್ಮ ಸಾರ್ಥಕ!”

“ಈಗ ಎಸೆಯೋದೆಲ್ಲ ಯಾಕೆ ಮೇಷ್ಟ್ರೇ? ಬಿಸಿಲು,” ಎಂದರು ಸತ್ಯಮೂರ್ತಿ.

“ಬಿಸಿಲಿಗೆ ಅಂಜತಾಳೇನ್ರಿ ಆಕಿ?” ಮೇಷ್ಟ್ರು ಆಗಲೇ ಶೂ ಏರಿಸುತ್ತಿದ್ದರು.

ಮೈದಾನ ಕಚೇರಿಯ ಹಿಂದೆಯೇ. ಅರ್ಧದಲ್ಲಿ ಕಾಲೋನಿಯ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ದೂರದಲ್ಲಿ ರಿಫೈನರಿಯ ಬೆಂಕಿ ಹಗಲಲ್ಲೂ ಉರಿಯುತ್ತಿತ್ತು. ಗೋಡೆಯ ನೆರಳಲ್ಲಿ ಕೂತಿದ್ದ ನಾಗವ್ವ ಇವರನ್ನು ಕಂಡು ಎದ್ದಳು. ಸಣ್ಣಗಿನ ಹುಡುಗಿ, ಉದ್ದ ಕೈ, ಬರಿಗಾಲು. ಅತ್ತು ಅತ್ತು ಕಣ್ಣು ಊದಿತ್ತು.

“ನಾಗೀ, ಹೆಸರು ಹೊಂಟತು! ಕಳ್ಳಿ ಅಲ್ಲ ನೀನು!” ಮೇಷ್ಟ್ರು ದೂರದಿಂದಲೇ ಕೂಗಿದರು.

ಅವಳು ನಗಲಿಲ್ಲ. ಕೈ ಮುಗಿದಳು, ಅಷ್ಟೇ. ಮೊದಲು ತಿರುಮಲೇಶನಿಗೆ, ಆಮೇಲೆ ಉಳಿದವರಿಗೆ.

ಬಸವಂತರಾಯರು ಬಿದಿರಿನ ಈಟಿ ತಂದುಕೊಟ್ಟರು. ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿದ್ದು, ತುಸು ಸೊಟ್ಟ. ಹುಡುಗಿ ಅದನ್ನು ಕೈಯಲ್ಲಿ ತೂಗಿ ನೋಡಿ ಹಿಂದೆ ಹೋದಳು. ಒಂದು ಕ್ಷಣ ನೆಲ ನೋಡಿದಳು. ಓಡಿಬಂದಳು.

ತಿರುಮಲೇಶ ಮುಂದೆ ಎಷ್ಟೋ ಸಲ ಅದನ್ನು ಹೆಂಡತಿಗೆ ವರ್ಣಿಸಲು ಹೋಗಿ ಸೋತ. ಓಟದ ಕೊನೆಯಲ್ಲಿ ಅವಳ ಮೈ ಇಡಿಯಾಗಿ ಹಿಂದಕ್ಕೆ ಬಾಗಿತು, ಕಾಲು ಊರಿತು, ಕೈ ಬೀಸಿತು. ಬಿದಿರು ಹೋಯಿತು. ಎದ್ದಿತು, ಇನ್ನೂ ಎದ್ದಿತು. ಕ್ರಿಕೆಟ್ಟಿನ ಹುಡುಗರು ಚೆಂಡು ಬಿಟ್ಟು ತಲೆ ಎತ್ತಿದರು. ಸೊಟ್ಟ ಬಿದಿರು ಎಂದು ಅದಕ್ಕೆ ಯಾರೂ ಹೇಳಿದ್ದಂತೆ ಕಾಣಲಿಲ್ಲ, ಆಕಾಶದಲ್ಲಿ ನೆಟ್ಟಗೆ ನಡೆಯಿತು. ಅವರ ವಿಕೆಟ್ ದಾಟಿ, ಆಚೆಯ ಗೋಲು ಕಂಬ ದಾಟಿ, ಮೈದಾನದ ಕೊನೆಯ ಕೆಂಪು ಮಣ್ಣಿನಲ್ಲಿ ಚುಚ್ಚಿ ನಿಂತು ನಡುಗಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೆಂದು ಯಾರಿಗೂ ನೆನಪಾಗಲಿಲ್ಲ. ರಮಾನಾಥ ಬಾಯಿ ತೆರೆದವನು ಮುಚ್ಚಲಿಲ್ಲ. ಅರ್ಧ ಗಂಟೆಯ ಹಿಂದೆ ಹಸಿರು ಅಕ್ಷರ ಕಂಡು ಮೈ ಜುಮ್ಮೆಂದಿದ್ದ ತಿರುಮಲೇಶನಿಗೆ ಆ ಯಂತ್ರ ಈಗ ಬರೀ ಡಬ್ಬ ಎನಿಸಿತು. ಇಂಥ ಮಗುವಿನ ಕೈಗೆ ಸಿಮೆಂಟಿನ ಬುಟ್ಟಿ ಕೊಡಲಿದ್ದೆವಲ್ಲ ಶಿವನೇ ಎಂದು ಸಂಕಟವಾಯಿತು, ತಪ್ಪಿತಲ್ಲ ಎಂದು ಹಿಗ್ಗೂ ಆಯಿತು.

ಬಸವಂತರಾಯರು “ಹೋ” ಎಂದು ಕೂಗುತ್ತ ಈಟಿಯ ಕಡೆ ಓಡಿದರು. ರಮಾನಾಥ ಅವರ ಹಿಂದೆ ಓಡಿದ.

ತಿರುಮಲೇಶ ನಾಗವ್ವನ ಹತ್ತಿರ ಹೋದ. “ಶಾಭಾಸ್ ಮಗಳೇ,” ಎಂದು ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಅಂಗೈ ಬೆವರಿತ್ತು. ಬಿಡುವಾಗ ಅವನ ಕಣ್ಣು ಅದರ ಮೇಲೆ ಬಿತ್ತು.

ಅಂಗೈಯ ಅಡ್ಡಕ್ಕೆ, ಬೆರಳ ಬುಡದಲ್ಲಿ, ಒತ್ತೊತ್ತಾಗಿ ಸಣ್ಣ ಕೆಂಪು ಗೆರೆಗಳು. ನೂಲಿನ ಹುರಿ ಒತ್ತೊತ್ತಾಗಿ ಸುತ್ತಿದ ಹಿಡಿಕೆಯ ಅಚ್ಚು. ದಿನದಿನವೂ ಬಿಗಿಯಾಗಿ ಹಿಡಿದು ಹಿಡಿದು ಚರ್ಮದೊಳಕ್ಕೆ ಇಳಿದ ಬಣ್ಣ.

ಬಿದಿರಿನ ಈಟಿಗೆ ಸುತ್ತಿದ್ದು ಕಪ್ಪು ಟ್ಯೂಬು. ಮರದ್ದಕ್ಕೆ ಅರಿಶಿನ, ಗಂಧ. ಹುರಿಯ ಹಿಡಿಕೆ, ಎಣ್ಣೆ ಕುಂಕುಮ, ಎರಡೂ ಇದ್ದದ್ದು ಮಂಡಳಿಯಲ್ಲಿ ಒಂದೇ ಒಂದು ಈಟಿಗೆ.

ರಮಾನಾಥ ಹೊಡೆದ ಸುಳ್ಳು ನಿಜವಾಗಿತ್ತು. ಈಟಿ ಇವಳ ಹತ್ತಿರವೇ ಇದೆ! ಇವಳಿಗೆ ತಾನು ಜವಾಬ್ದಾರಿ ಎಂದು ತಿರುಮಲೇಶ ಈಗಷ್ಟೇ ಬಾಯಿ ಬಿಟ್ಟು ಹೇಳಿ ಬಂದಿದ್ದ.

ನಾಗವ್ವ ಅವನ ನೋಟ ಕಂಡಳು. ಮುಷ್ಟಿ ಮುಚ್ಚಿದಳು.

“ನಾ ಕದ್ದಿಲ್ರಿ ಸರ್,” ಎಂದಳು, ಕೇಳೀಕೇಳದ ಹಾಗೆ. “ಪಂದ್ಯಕ್ಕ ರೂಢಿ ಮಾಡು ಅಂತ ಪೂಜಿ ದಿನ ಸಂಜಿಗೆ ನನಗ ಕೊಟ್ಟಾರ. ಯಾರಿಗೂ ಹೇಳಬ್ಯಾಡ ಅಂತ ಆಣಿ ಮಾಡಿಸ್ಕೊಂಡಾರ.”

“ಯಾರು ಕೊಟ್ಟದ್ದು?”

ಅವಳು ತಲೆ ಅಲ್ಲಾಡಿಸಿದಳು. “ಇಲ್ಲೇ ಅದಾರ್ರಿ. ಹೇಳಂಗಿಲ್ಲ.”

ಹಿಂದೆ ಹೆಜ್ಜೆಯ ಸದ್ದಾಯಿತು. ತಿರುಮಲೇಶ ತನ್ನ ಕೈ ನೋಡಿಕೊಂಡ. ಅವಳ ಬೆವರಿನ ಜೊತೆ ಬಂದ ಕೆಂಪು ಅವನ ಅಂಗೈಗೂ ಹತ್ತಿತ್ತು. ಸರಕ್ಕನೆ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ಮುಖದ ಮೇಲೆ ನಗು ತಂದುಕೊಂಡು ತಿರುಗಿದ.

ಸತ್ಯಮೂರ್ತಿ ನಿಂತಿದ್ದರು. ಮೈದಾನದ ಕೊನೆಯಲ್ಲಿ ಮೇಷ್ಟ್ರು ಈಟಿಯ ಸುತ್ತ ಕುಣಿಯುತ್ತಿದ್ದರು, ಇವರು ಅತ್ತ ನೋಡಲೇ ಇಲ್ಲ. ಹುಡುಗಿಯ ಮುಷ್ಟಿ ನೋಡಿದರು. ತಿರುಮಲೇಶನ ಜೇಬು ನೋಡಿದರು. ಆಮೇಲೆ ತಮ್ಮ ಜೇಬಿನಿಂದ ಮಡಿಕೆ ಮುರಿಯದ ಬಿಳಿ ಕರವಸ್ತ್ರ ತೆಗೆದು ಅವನ ಮುಂದೆ ಚಾಚಿದರು.

“ಬೇಗ ಒರೆಸಿಕೊಳ್ಳಿ ತಿರುಮಲೇಶ್,” ಎಂದರು ಮೆಲ್ಲಗೆ. “ಮೇಷ್ಟ್ರು ಬಂದುಬಿಡ್ತಾರೆ.”